ವಾಲ್ವ್ ಕೀ ಯಾರ ಕೈಯಲ್ಲಿ?

ಈ ಹೊತ್ತಿಗೆ ರಾಜೀನಾಮೆ, ರೆಸಾರ್ಟು, ಬಂಡಾಯ ಅಂತ ಏನಾದರೂ ಬರುತ್ತೆ ಎಂದು ಕಾಯ್ತಾ ಕೂತಿದ್ದರೆ ಸ್ವಲ್ಪ ತಾಳಿ, ಅದೆಲ್ಲ ಒಂಬತ್ತು ಗಂಟೆಯ ಬುಲೆಟಿನ್‌ನಲ್ಲಿ ಬಂದೇ ಬರುತ್ತೆ. ನಾನಿವತ್ತು ಹಿಡ್ಕೊಂಡು ಬಂದಿರೋದು ಒಂದು ಪರೀಕ್ಷೆಯ ಪ್ರಶ್ನೆ. ‘ಸಾಮಾಜಿಕ ಒಪ್ಪಂದ ಸಿದ್ಧಾಂತವನ್ನು ವಿವರಿಸಿ.’

ರಾಜ್ಯಶಾಸ್ತ್ರ ತಗೊಂಡಿರೋ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಗಡಗಡ ಹೇಳ್ತಾರೆ. ಮೊದಲು ಸರ್ಕಾರ ಇರಲಿಲ್ಲ, ಜನ ನಿಸರ್ಗ ಸ್ಥಿತಿಯಲ್ಲಿ ಇದ್ದರು, ಆಮೇಲೆ ಒಪ್ಪಂದ ಮಾಡ್ಕೊಂಡರು, ರಾಜ್ಯ ಹುಟ್ಟಿತು. ಹಾಬ್ಸ್, ಲಾಕ್, ರೂಸೋ, ಮೂವರಿಗೂ ಒಂದೊಂದು ಪ್ಯಾರಾ. ಮುಗೀತು, ಅಂಕ ಬಂತು. ಈಗ ಅದೇ ಹುಡುಗನಿಗೆ ಇನ್ನೊಂದು ಪ್ರಶ್ನೆ ಕೇಳಿ: ‘ಆ ಒಪ್ಪಂದದಲ್ಲಿ ನೀನು ಇದ್ದೀಯೇನಪ್ಪಾ?’ ಆಗ ಅವನ ಮುಖ ನೋಡಿ.

ನಾನು ಇಂಜಿನಿಯರಿಂಗ್ ಓದಿದವನು. ನಮಗೂ ಸಂವಿಧಾನ ಅಂತ ಒಂದು ಪೇಪರ್ ಇತ್ತು. ನಾಲ್ಕು ಉತ್ತರ ಕೊಟ್ಟಿರೋರು, ಒಂದಕ್ಕೆ ಗುರುತು ಹಾಕೋದು. ರಾಷ್ಟ್ರಪತಿ ಆಗೋಕೆ ಕನಿಷ್ಠ ವಯಸ್ಸು ಎಷ್ಟು? 35. ಸರಿ. ಈ ರಾಷ್ಟ್ರಪತಿ, ಪ್ರಧಾನಿ, ತಹಶೀಲ್ದಾರ್, ಪೊಲೀಸು ಇವರೆಲ್ಲ ಇರೋದು ಯಾತಕ್ಕೆ ಅನ್ನೋ ಪ್ರಶ್ನೆ ಮಾತ್ರ ಆ ಪೇಪರಿನಲ್ಲಿ ಎಲ್ಲೂ ಇರಲಿಲ್ಲ. ಒಂದು ಯಂತ್ರದ ಎಲ್ಲ ಬಿಡಿಭಾಗಗಳ ಹೆಸರು ಹೇಳಿಕೊಟ್ಟು, ಅದು ಏನು ಕೆಲಸ ಮಾಡುತ್ತೆ ಅನ್ನೋದನ್ನೇ ಹೇಳದೆ ಬಿಟ್ಟ ಹಾಗೆ.

ಹಿಂದೆ ಒಮ್ಮೆ ಒಂದು ಪದವಿಪೂರ್ವ ಕಾಲೇಜಿಗೆ ಮಾತಾಡೋಕೆ ಕರೆದಿದ್ದರು. ಊರಿನ ಹೆಸರು ಬೇಡ. ಕಲಾ ವಿಭಾಗದ ತರಗತಿ, ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು, ಬಹಳಷ್ಟು ಜನ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರೋರು. ಮೇಡಂ ಅವತ್ತು ಇದೇ ಪಾಠ ಶುರು ಮಾಡಬೇಕಿತ್ತು. ನಾನು ಭಾಷಣ ಬಿಟ್ಟು ಒಂದೇ ಪ್ರಶ್ನೆ ಕೇಳಿದೆ. ಸರ್ಕಾರ ಯಾಕೆ ಬೇಕು?

ಉತ್ತರಗಳು ಬಂದವು. ರೇಷನ್ ಕೊಡೋಕೆ. ರಸ್ತೆ ಮಾಡೋಕೆ. ಬಸ್ ಪಾಸ್ ಕೊಡೋಕೆ. ಸ್ಕಾಲರ್‌ಶಿಪ್ ಕೊಡೋಕೆ. ಗಮನಿಸಿ, ಹೆಚ್ಚಿನ ಉತ್ತರಗಳ ಕೊನೆಗೂ ಅದೇ ಕ್ರಿಯಾಪದ: ಕೊಡೋಕೆ. ಕೊಡೋರು ಅವರು, ತಗೊಳ್ಳೋರು ನಾವು. ಇದು ಮಕ್ಕಳ ತಪ್ಪಲ್ಲ. ನಾವು ಟಿವಿಯವರು ದಿನಾ ಹೇಳೋದೂ ಅದನ್ನೇ ಅಲ್ವಾ? ‘ಜಿಲ್ಲೆಗೆ ಸರ್ಕಾರದ ಬಂಪರ್ ಕೊಡುಗೆ.’ ಯಾರ ದುಡ್ಡು, ಯಾರಿಗೆ ಕೊಡುಗೆ!

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಮೊದಲು ಹೇಳಲೋ ಬೇಡವೋ ಅಂತ ಪಕ್ಕದವಳ ಮುಖ ನೋಡಿದಳು. ‘ಹೇಳಮ್ಮಾ’ ಅಂದೆ. ‘ಸರ್, ನಮ್ಮೂರಲ್ಲಿ ನೀರು ಬಿಡೋಕೆ ಪಂಚಾಯ್ತಿಯಿಂದ ನೀರುಗಂಟಿ ಇದ್ದಾರೆ. ವಾಲ್ವ್ ಕೀ ಅವ್ರ ಹತ್ರ ಇರುತ್ತೆ. ಮೇಲಿನ ಬೀದಿಗೆ ಅರ್ಧ ಗಂಟೆ, ನಮ್ಮ ಕೇರಿಗೆ ಅರ್ಧ ಗಂಟೆ. ಅವ್ರು ರಜ ಹಾಕಿದ ದಿನ ಮೇಲಿನ ಬೀದಿಯವರೇ ವಾಲ್ವ್ ತಿರುಗಿಸ್ಕೋತಾರೆ. ಅವತ್ತು ನಮಗೆ ನೀರು ಬರಲ್ಲ. ಅದಕ್ಕೆ ಸರ್ಕಾರ ಬೇಕು.’

ತರಗತಿ ಸುಮ್ಮನಾಯ್ತು. ಆ ಹುಡುಗಿಗೆ ಗೊತ್ತೋ ಇಲ್ಲವೋ, ಅವಳು ನಿಸರ್ಗ ಸ್ಥಿತಿಯನ್ನೂ ರಾಜ್ಯವನ್ನೂ ಎರಡು ವಾಕ್ಯದಲ್ಲಿ ಮುಗಿಸಿದ್ದಳು. ನೀರುಗಂಟಿ ಬಂದ ದಿನ ರಾಜ್ಯ ಇದೆ. ಬಾರದ ದಿನ ತೋಳಿನಲ್ಲಿ ಬಲ ಇರೋನದ್ದೇ ನೀರು. ನಮ್ಮ ಹಳಬರು ಇದಕ್ಕೆ ಮತ್ಸ್ಯನ್ಯಾಯ ಅಂತ ಹೆಸರಿಟ್ಟರು, ದೊಡ್ಡ ಮೀನು ಚಿಕ್ಕ ಮೀನನ್ನು ನುಂಗೋ ನ್ಯಾಯ.

ಅಲ್ಲಿಂದ ಪಾಠ ತಾನಾಗೇ ನಡೀತು. ಒಬ್ಬ ಹುಡುಗ ಕೇಳಿದ, ‘ನೀರುಗಂಟಿಯೇ ಮೇಲಿನ ಬೀದಿಯವನಾಗಿದ್ರೆ?’ ಇನ್ನೊಬ್ಬ, ‘ಅವನಿಗೆ ಸಂಬಳ ಕೊಡೋದು ಯಾರು ಸರ್?’ ಮತ್ತೊಬ್ಬಳು, ‘ಅರ್ಧ ಗಂಟೆ ಅಂತ ಯಾರು ತೀರ್ಮಾನ ಮಾಡಿದ್ದು? ನಮ್ಮ ಕೇರಿಲಿ ಮನೆ ಜಾಸ್ತಿ ಇದಾವಲ್ಲ?’

ಪುಸ್ತಕದಲ್ಲಿರೋ ಮೂವರೂ ಈ ಮೂರು ಪ್ರಶ್ನೆಯ ಸುತ್ತಲೇ ಓಡಾಡಿದವರು. ಥಾಮಸ್ ಹಾಬ್ಸ್ ‘ಲೆವಿಯಾಥನ್’ ಬರೆದಿದ್ದು 1651ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಇಂಗ್ಲೆಂಡಿನ ಜನ ತಮ್ಮ ರಾಜ ಮೊದಲನೇ ಚಾರ್ಲ್ಸ್‌ನ ತಲೆ ಕತ್ತರಿಸಿದ್ದರು. ದೇಶದ ತುಂಬ ಅಂತರ್ಯುದ್ಧ. ಅದನ್ನ ನೋಡಿ ಹೆದರಿದ ಮನುಷ್ಯ ಏನು ಹೇಳ್ತಾನೆ? ಕೀ ಯಾರಾದರೂ ಒಬ್ಬನ ಕೈಗೆ ಕೊಡಿ, ಕೊಟ್ಟ ಮೇಲೆ ಅವನನ್ನ ಪ್ರಶ್ನೆ ಮಾಡಬೇಡಿ, ಕೆಟ್ಟ ನೀರುಗಂಟಿಯೂ ನೀರುಗಂಟಿ ಇಲ್ಲದಿರೋದಕ್ಕಿಂತ ವಾಸಿ. ನಮ್ಮಲ್ಲಿ ‘ಇಂಥಾ ದೇಶಕ್ಕೆ ಒಬ್ಬ ಸರ್ವಾಧಿಕಾರಿನೇ ಬೇಕು ಕಣ್ರೀ’ ಅಂತ ಚಹಾದಂಗಡಿಯಲ್ಲಿ ಹೇಳೋರೆಲ್ಲ ಹಾಬ್ಸ್‌ನ ಶಿಷ್ಯರೇ, ಓದದೇ ಆದವರು.

ಜಾನ್ ಲಾಕ್ ಆ ಮಾತು ಒಪ್ಪಲಿಲ್ಲ. ಕೀ ಕೊಟ್ಟಿದ್ದು ನಂಬಿಕೆಯ ಮೇಲೆ, ದಾನವಾಗಿ ಅಲ್ಲ, ನೀರು ಬೇರೆ ಕಡೆ ಹರಿಸಿದರೆ ವಾಪಸ್ ಇಸ್ಕೊಳ್ಳೋ ಹಕ್ಕು ಕೊಟ್ಟವರಿಗೆ ಇದೆ ಅಂದ. ಇದನ್ನ ಹೇಳೋಕೆ ಅವನಿಗೆ ಎಷ್ಟು ಭಯ ಇತ್ತು ಅಂದರೆ, 1689ರಲ್ಲಿ ಅಚ್ಚಾದ ಪುಸ್ತಕದ ಮೇಲೆ ಹೆಸರೇ ಹಾಕಲಿಲ್ಲ. ಅದು ನನ್ನದು ಅಂತ ಒಪ್ಪಿಕೊಂಡಿದ್ದು ಉಯಿಲಿನಲ್ಲಿ. ಇನ್ನು ರೂಸೋ, ಅರ್ಧ ಗಂಟೆ ಅಂತ ತೀರ್ಮಾನ ಮಾಡೋದು ನೀರು ಕುಡಿಯೋರೆಲ್ಲ ಸೇರಿ ಅಂದ. ಕಾನೂನು ಮಾಡೋರೂ ನಾವೇ, ಪಾಲಿಸೋರೂ ನಾವೇ ಆದರೆ ಮಾತ್ರ ಅದು ಗುಲಾಮಗಿರಿ ಅಲ್ಲ ಅಂತ ಅವನ ವಾದ. 1762ರಲ್ಲಿ ಆ ಪುಸ್ತಕವನ್ನ ಅವನ ಸ್ವಂತ ಊರು ಜಿನೀವಾದಲ್ಲೇ ಸುಟ್ಟರು.

ಅವತ್ತು ಸುಟ್ಟಿದ್ದು ಒಂದೇ ಪುಸ್ತಕ ಅಲ್ಲ, ಎರಡು. ಎರಡನೆಯದರ ಹೆಸರು ‘ಎಮಿಲ್’, ಒಬ್ಬ ಹುಡುಗನನ್ನ ಹೇಗೆ ಬೆಳೆಸಬೇಕು, ಹೇಗೆ ಕಲಿಸಬೇಕು ಅನ್ನೋದರ ಬಗ್ಗೆ. ಸರ್ಕಾರದ ಪುಸ್ತಕವೂ ಪಾಠದ ಪುಸ್ತಕವೂ ಒಂದೇ ವರ್ಷ ಬಂದಿದ್ದು. ‘ಎಮಿಲ್’ನ ಕೊನೆಯ ಭಾಗದಲ್ಲಿ ಹುಡುಗ ದೊಡ್ಡವನಾಗಿ ಮದುವೆಗೆ ನಿಂತಿದ್ದಾನೆ. ಗುರು ಹೇಳ್ತಾನೆ, ಮದುವೆ ಇರಲಿ, ಮೊದಲು ದೇಶ ಸುತ್ತಿ ಬಾ, ಸರ್ಕಾರಗಳು ಹೇಗಿವೆ ನೋಡು, ನೀನು ಯಾವುದರ ಕೆಳಗೆ ಸಂಸಾರ ಮಾಡೋಕೆ ಇಷ್ಟಪಡ್ತೀಯ ತೀರ್ಮಾನ ಮಾಡು. ಆ ಸಂದರ್ಭದಲ್ಲಿ ಇಡೀ ಸಾಮಾಜಿಕ ಒಪ್ಪಂದದ ಸಾರಾಂಶವನ್ನ ಹುಡುಗನಿಗೆ ಹೇಳಿಕೊಡ್ತಾನೆ. ಅಂದರೆ ಪಾಠ ಬರೋದು ಪರೀಕ್ಷೆಗೆ ಅಲ್ಲ, ಮನೆ ಎಲ್ಲಿ ಮಾಡಬೇಕು ಅನ್ನೋ ಪ್ರಶ್ನೆ ಎದುರಾದಾಗ. (ಹುಡುಗಿ ಸೋಫಿಗೆ ಈ ಪಾಠ ಇಲ್ಲ, ಅವಳು ಗಂಡನನ್ನ ಸಂತೋಷವಾಗಿಡೋದು ಕಲಿತರೆ ಸಾಕಂತೆ. ತನ್ನ ಸ್ವಂತ ಐದು ಮಕ್ಕಳನ್ನ ರೂಸೋ ಅನಾಥಾಲಯಕ್ಕೆ ಬಿಟ್ಟಿದ್ದ ಅನ್ನೋದನ್ನೂ ಮರೀಬಾರದು. ಹೇಳೋದು ಬೇರೆ, ಮಾಡೋದು ಬೇರೆ ಅನ್ನೋದು ನಮ್ಮ ರಾಜಕಾರಣಿಗಳು ಕಂಡುಹಿಡಿದಿದ್ದಲ್ಲ.)

ಹಾಗಿದ್ದರೆ ನಾವು ಯಾವಾಗ ಸಹಿ ಹಾಕಿದ್ದು? ಆ ತರಗತಿಯಲ್ಲೂ ಒಬ್ಬ ಕೇಳೇ ಬಿಟ್ಟ, ‘ಸರ್, ನಾನು ಯಾವ ಒಪ್ಪಂದಕ್ಕೂ ಸೈನ್ ಮಾಡಿಲ್ವಲ್ಲ?’ ಒಳ್ಳೇ ಪ್ರಶ್ನೆ. ಲಾಕ್ ಇದಕ್ಕೆ ಕೊಟ್ಟ ಉತ್ತರ, ನೀನು ದೇಶದ ಹೆದ್ದಾರಿ ಮೇಲೆ ಓಡಾಡಿದರೂ ಸಾಕು, ಮೌನವಾಗಿ ಒಪ್ಪಿದ ಹಾಗೆ. ನಮ್ಮಲ್ಲಿ ಹೆದ್ದಾರಿಗೆ ಟೋಲ್ ಬೇರೆ ಕಟ್ತೀವಿ, ಅದು ಬೇರೆ ವಿಷಯ. ಡೇವಿಡ್ ಹ್ಯೂಮ್ 1748ರಲ್ಲಿ ಈ ಉತ್ತರಕ್ಕೆ ನಕ್ಕುಬಿಟ್ಟ. ನಿದ್ದೆಯಲ್ಲಿದ್ದವನನ್ನ ಹೊತ್ತು ತಂದು ಹಡಗಿಗೆ ಹಾಕಿ, ಎಚ್ಚರ ಆದಾಗ ‘ನೀನು ಹಡಗಿನಲ್ಲೇ ಇದ್ದೀಯಲ್ಲ, ಅಂದ ಮೇಲೆ ಕ್ಯಾಪ್ಟನ್ ಮಾತಿಗೆ ಒಪ್ಪಿದ್ದೀಯ’ ಅಂದ ಹಾಗಾಯ್ತು ಅಂತ. ಬೇಡ ಅಂದರೆ ಸಮುದ್ರಕ್ಕೆ ಹಾರಬೇಕು. ನಮ್ಮ ಮೊಬೈಲಿನಲ್ಲಿ ಆ್ಯಪ್ ಹಾಕ್ಕೊಳ್ಳುವಾಗ ಓದದೇ ‘ಒಪ್ಪಿದ್ದೇನೆ’ ಅಂತ ಒತ್ತುತೀವಲ್ಲ, ಅಲ್ಲಿ ಒತ್ತೋಕಾದರೂ ಒಂದು ಬಟನ್ ಇರುತ್ತೆ.

ನನ್ನ ಮಟ್ಟಿಗೆ ಹ್ಯೂಮ್ ಹೇಳಿದ್ದು ಸರಿ. ಇಂಥಾ ದಿನ ಎಲ್ಲರೂ ಕೂತು ಸಹಿ ಹಾಕಿದರು ಅನ್ನೋದು ಕಥೆ. ನಮ್ಮ ಸಂವಿಧಾನವನ್ನೇ ತಗೊಳ್ಳಿ. 1950ರ ಜನವರಿ 24ರಂದು ಸಂವಿಧಾನ ಸಭೆಯ 284 ಸದಸ್ಯರು ಸಹಿ ಹಾಕಿದರು, ಕಾಗದ ಇದೆ, ನೋಡಬಹುದು. ಆದರೆ ಆ ಸಭೆಯ ಬಹುಪಾಲು ಸದಸ್ಯರನ್ನ ಆರಿಸಿದ್ದು 1946ರ ಪ್ರಾಂತೀಯ ಶಾಸನ ಸಭೆಗಳು. ಆ ಶಾಸನ ಸಭೆಗಳಿಗೆ ವೋಟು ಹಾಕಿದ್ದು ಆಸ್ತಿ, ತೆರಿಗೆ, ಓದು ಇದ್ದ ಕೆಲವರು. ಎಲ್ಲ ವಯಸ್ಕರೂ ವೋಟು ಹಾಕಿದ್ದು ಆಮೇಲೆ, 1951-52ರ ಚುನಾವಣೆಯಲ್ಲಿ. ಸುಮಾರು 17 ಕೋಟಿಗೂ ಹೆಚ್ಚು ಮತದಾರರು, ಬಹುತೇಕರಿಗೆ ಓದೋಕೆ ಬರೆಯೋಕೆ ಬರ್ತಿರಲಿಲ್ಲ. ನನ್ನನ್ನ ಕೇಳಿದರೆ ನಿಜವಾದ ಸಹಿ ಬಿದ್ದಿದ್ದು ಅವತ್ತು, ಬೆರಳಿನ ಶಾಯಿಯಲ್ಲಿ. ಮತ್ತು ಐದು ವರ್ಷಕ್ಕೊಮ್ಮೆ ನವೀಕರಣ. ಒಪ್ಪಂದ ಹಿಂದೆ ಆಗಿಹೋದ ಘಟನೆ ಅಲ್ಲ, ಒಂದು ಅಳತೆಗೋಲು. ಈ ಸರ್ಕಾರ ಮಾಡ್ತಿರೋ ಕೆಲಸವನ್ನ, ಕೆಳಗಿನ ಕೇರಿಯವರನ್ನೂ ಕೂರಿಸಿ ಕೇಳಿದ್ದರೆ, ಅವರು ಒಪ್ತಿದ್ದರಾ? ಅಷ್ಟೇ ಪ್ರಶ್ನೆ.

ಈಗ ಕೆಲವರು ಹೇಳ್ತೀರಿ, ಇದೆಲ್ಲ ಇಂಗ್ಲೆಂಡು ಫ್ರಾನ್ಸಿನ ಸರಕು, ನಮ್ಮಲ್ಲಿ ರಾಜಾ ಪ್ರತ್ಯಕ್ಷ ದೇವತಾ. ಇಲ್ಲ. ನಮ್ಮಲ್ಲೂ ಒಪ್ಪಂದದ ಕಥೆ ಇದೆ, ಒಂದಲ್ಲ ಎರಡು ಮೂರು. ಬೌದ್ಧರ ಅಗ್ಗಞ್ಞ ಸುತ್ತದಲ್ಲಿ ಜನ ಭತ್ತ ಕದಿಯೋದು, ಸುಳ್ಳು ಹೇಳೋದು, ಹೊಡೆದಾಡೋದು ಶುರು ಮಾಡ್ತಾರೆ. ಆಮೇಲೆ ಸೇರಿ ಮಾತಾಡಿ ಒಬ್ಬನನ್ನ ಆರಿಸ್ತಾರೆ. ತಪ್ಪು ಮಾಡಿದವನನ್ನ ಬೈಯೋದು, ಗಡೀಪಾರು ಮಾಡೋದು ನಿನ್ನ ಕೆಲಸ, ನಮ್ಮ ಭತ್ತದಲ್ಲಿ ನಿನಗೊಂದು ಪಾಲು ಅಂತ. ಅವನಿಗೆ ಮಹಾಸಮ್ಮತ ಅಂತ ಹೆಸರು, ಎಲ್ಲರ ಸಮ್ಮತಿಯಿಂದ ಬಂದವನು. ಆರಿಸಿದ್ದು ತಮ್ಮಲ್ಲಿ ಅತ್ಯಂತ ಸಮರ್ಥ ಮತ್ತು ಅತ್ಯಂತ ಸುಂದರನಾದವನನ್ನ ಅಂತಿದೆ. ಆ ಕಾಲಕ್ಕೇ ಮುಖ ನೋಡಿ ವೋಟು!

ಇನ್ನೊಂದು ಕಥೆ ಅರ್ಥಶಾಸ್ತ್ರದಲ್ಲಿ ಇದೆ. ಈ ಪುಸ್ತಕ ಸಿಕ್ಕಿದ್ದು ನಮ್ಮ ಮೈಸೂರಲ್ಲೇ. ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಅದನ್ನ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿ ಹೇಳೋದೇನು? ಮತ್ಸ್ಯನ್ಯಾಯದಿಂದ ಬೇಸತ್ತ ಜನ ಮನುವನ್ನ ರಾಜನಾಗಿ ಮಾಡಿಕೊಂಡರು. ಧಾನ್ಯದಲ್ಲಿ ಆರನೇ ಒಂದು ಪಾಲು, ಸರಕಿನಲ್ಲಿ ಹತ್ತನೇ ಒಂದು ಪಾಲು ಅವನಿಗೆ. ಬದಲಿಗೆ ಅವನು ಜನರ ಯೋಗಕ್ಷೇಮ ನೋಡಬೇಕು. ಎಂಥಾ ಸ್ಪಷ್ಟ ಒಪ್ಪಂದ, ದರದ ಸಮೇತ!

ಆದರೆ ಈ ಕಥೆಯನ್ನ ಕೌಟಿಲ್ಯ ಯಾರ ಬಾಯಲ್ಲಿ ಹೇಳಿಸ್ತಾನೆ ಗೊತ್ತಾ? ಗೂಢಚಾರರ ಬಾಯಲ್ಲಿ. ಇಬ್ಬರು ಗೂಢಚಾರರು ಜನ ಸೇರೋ ಜಾಗಕ್ಕೆ ಹೋಗಬೇಕು. ಒಬ್ಬ ‘ಈ ರಾಜ ಬರೀ ದಂಡ, ತೆರಿಗೆ ಅಂತ ಹಿಂಸೆ ಕೊಡ್ತಾನೆ, ಇವನಲ್ಲಿ ಒಂದು ಗುಣವೂ ಇಲ್ಲ’ ಅಂತ ಜಗಳ ತೆಗೀಬೇಕು. ಸುತ್ತ ಇರೋರಲ್ಲಿ ಯಾರು ತಲೆ ಆಡಿಸ್ತಾರೆ? ಆಗ ಇನ್ನೊಬ್ಬ ಎದ್ದು ಈ ಮನುವಿನ ಕಥೆ ಹೇಳಿ, ಆದ್ದರಿಂದ ರಾಜನನ್ನ ಅವಮಾನ ಮಾಡಬಾರದು ಅಂತ ಬಾಯಿ ಮುಚ್ಚಿಸಬೇಕು. ಒಂದೇ ಕಥೆ. ಬೌದ್ಧರ ಕೈಯಲ್ಲಿ ಅದು ರಾಜನಿಗೆ ಅವನ ಕೆಲಸ ನೆನಪಿಸುತ್ತೆ, ಗೂಢಚಾರರ ಬಾಯಲ್ಲಿ ಪ್ರಜೆಯ ಬಾಯಿ ಮುಚ್ಚಿಸುತ್ತೆ. ಸೋಶಿಯಲ್ ಮೀಡಿಯಾದಲ್ಲಿ ಬೇಕಂತಲೇ ಎರಡೂ ಕಡೆ ಕಾಮೆಂಟ್ ಹಾಕೋರನ್ನ ಕಂಡಾಗ ನನಗೆ ಈ ಜೋಡಿ ನೆನಪಾಗುತ್ತೆ.

ಮೇಷ್ಟ್ರುಗಳೇ, ಮೇಡಂಗಳೇ, ನೀವು ತರಗತಿಯಲ್ಲಿ ಈ ಸಿದ್ಧಾಂತ ಹೇಳುವಾಗ ಯಾವ ಧ್ವನಿಯಲ್ಲಿ ಹೇಳ್ತೀರಿ ಅನ್ನೋದು ಅದಕ್ಕೇ ಮುಖ್ಯ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೊಡ್ತೀನಿ, ಇದನ್ನ ಒಪ್ಪಂದದ ಪಾಠದ ಜೊತೆ ಹೇಳಿಕೊಟ್ಟಿದ್ದು ನಾನಂತೂ ಕೇಳಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯ ವಸೂಲಿಗೆ ಶರತ್ತು ಅಂತ ಒಂದು ಪದ್ಧತಿ ಇತ್ತು. ಅಮಲ್ದಾರ ಸರ್ಕಾರಕ್ಕೆ ಬರೆದುಕೊಡಬೇಕು: ಇಷ್ಟು ಹಣ ವಸೂಲು ಮಾಡಿ ಕಟ್ತೀನಿ, ಕಮ್ಮಿ ಬಿದ್ದರೆ ನಾನೇ ತುಂಬ್ತೀನಿ, ಜಾಸ್ತಿ ಬಂದರೆ ಅದನ್ನೂ ಕಟ್ತೀನಿ. ನೋಡಿ, ಒಪ್ಪಂದ ಇದೆ! ಕಾಗದದ ಮೇಲೇ ಇದೆ. ಆದರೆ ಅದು ಅರಮನೆಗೂ ಅಮಲ್ದಾರನಿಗೂ ನಡುವೆ. ಕಂದಾಯ ಕಟ್ಟೋ ರೈತ ಆ ಕಾಗದದಲ್ಲಿ ಎಲ್ಲೂ ಇಲ್ಲ, ಅವನು ಬರೀ ವಸೂಲಿಯ ವಸ್ತು. ಕಮ್ಮಿ ಬಿದ್ದರೆ ಕೈಯಿಂದ ತುಂಬಬೇಕಾದ ಅಮಲ್ದಾರ ರೈತನ ಜೊತೆ ಹೇಗೆ ನಡ್ಕೊಂಡಿರಬಹುದು, ಊಹೆ ಮಾಡಿ.

1830ರ ಹೊತ್ತಿಗೆ ನಗರ ಸೀಮೆಯ ರೈತರು ಕೂಟ ಸೇರೋಕೆ ಶುರು ಮಾಡಿದರು. ಕೂಟ ಅನ್ನೋದು ಅವರದೇ ಪದ. ನಮ್ಮ ಅಹವಾಲು ಕೇಳೋವರೆಗೂ ಕಂದಾಯ ಇಲ್ಲ. ಅದು ದಂಗೆ ಆಯ್ತು, ಗುಂಡು ಹಾರಿತು, ಕಡೆಗೆ 1831ರಲ್ಲಿ ಬ್ರಿಟಿಷರು ಅದೇ ನೆಪ ಇಟ್ಟುಕೊಂಡು ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡರು. ರಾಜಮನೆತನಕ್ಕೆ ಅದು ವಾಪಸ್ ಬಂದಿದ್ದು 50 ವರ್ಷದ ಮೇಲೆ, 1881ರಲ್ಲಿ. ಅದೇ ವರ್ಷ ದಿವಾನ್ ರಂಗಾಚಾರ್ಲು ದಸರಾ ಸಮಯದಲ್ಲಿ 144 ಜನರ ಪ್ರಜಾ ಪ್ರತಿನಿಧಿ ಸಭೆ ಕರೆದರು. ಕಾನೂನು ಮಾಡೋ ಅಧಿಕಾರ ಇರಲಿಲ್ಲ, ಬಂದವರೂ ಹೆಚ್ಚಾಗಿ ಜಮೀನ್ದಾರರು, ವ್ಯಾಪಾರಸ್ಥರು. ಆದರೂ ಸರ್ಕಾರ ವರ್ಷಕ್ಕೊಮ್ಮೆ ಎದುರಿಗೆ ಕೂತು ಲೆಕ್ಕ ಹೇಳೋ ಪದ್ಧತಿ ಶುರುವಾಯ್ತು. ನಗರದ ಕೂಟಕ್ಕೂ ಮೈಸೂರಿನ ಈ ಸಭೆಗೂ ನೇರ ಸಂಬಂಧ ಇದೆ ಅಂತ ನಾನು ಹೇಳಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಬ್ಬ ಹದಿನಾರು ವರ್ಷದ ಹುಡುಗನಿಗೆ ಲಾಕ್ ಅರ್ಥ ಆಗ್ತಾನೆ.

ಅದೇ ಶಿವಮೊಗ್ಗ ಜಿಲ್ಲೆಯ ಈಸೂರು ನಿಮಗೆ ಗೊತ್ತು. 1942ರಲ್ಲಿ ಊರಿಗೆ ಊರೇ ನಾವು ಸ್ವತಂತ್ರ ಅಂತ ಘೋಷಣೆ ಮಾಡಿ, ಕಂದಾಯ ಕೊಡಲ್ಲ ಅಂದು, ತಮ್ಮದೇ ಸರ್ಕಾರ ಕಟ್ಟಿದರು. ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಕ ಮಾಡಿದ್ದು ಊರಿನ ಹುಡುಗರನ್ನ! ಮಕ್ಕಳಿಗೆ ಈ ಭಾಗ ಹೇಳಿದರೆ ಕಣ್ಣು ಅರಳುತ್ತೆ. ಉಳಿದಿದ್ದನ್ನೂ ಹೇಳಲೇಬೇಕು. ಆಮೇಲೆ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಈಸೂರಿನ ಐದು ಜನರಿಗೆ ಗಲ್ಲಾಯಿತು. ಕೀ ವಾಪಸ್ ಇಸ್ಕೊಳ್ಳೋದು ಪರೀಕ್ಷೆಯ ಉತ್ತರದಷ್ಟು ಸುಲಭ ಅಲ್ಲ. ಹಾಬ್ಸ್ ಹೆದರಿದ್ದು ಸುಮ್ಮಸುಮ್ಮನೆ ಅಲ್ಲ. ಅದಕ್ಕೇ ರಕ್ತ ಇಲ್ಲದೆ ಇಸ್ಕೊಳ್ಳೋ ದಾರಿಗಳನ್ನ, ಅಂದರೆ ಚುನಾವಣೆ, ಕೋರ್ಟು, ಗ್ರಾಮ ಸಭೆ, ಮಾಹಿತಿ ಹಕ್ಕು, ಇವನ್ನ ನಾವು ಒಪ್ಪಂದದೊಳಗೇ ಬರೆದುಕೊಂಡಿದ್ದು.

ಈಗ ನಮ್ಮ ಶಾಲೆಗಳಿಗೆ ಬರೋಣ. ಮಗುವಿಗೆ ಸರ್ಕಾರ ಅಂದರೇನು ಅಂತ ಮೊದಲು ಕಲಿಸೋದು ಪುಸ್ತಕ ಅಲ್ಲ, ಕ್ಲಾಸ್ ಮಾನಿಟರ್. ಮೇಷ್ಟ್ರು ಆಚೆ ಹೋದಾಗ ಮಾತಾಡಿದವರ ಹೆಸರನ್ನ ಬೋರ್ಡಿನ ಮೇಲೆ ಬರೆಯೋನು. ಅವನು ಸುಳ್ಳು ಹೆಸರು ಬರೆದರೆ ಅಪೀಲು ಇಲ್ಲ. ಎರಡನೇ ಪಾಠ, ಅರ್ಜಿ ಬರೆಯೋದು. ‘ತಾವು ದಯಮಾಡಿ ಮಂಜೂರು ಮಾಡಬೇಕೆಂದು ಪ್ರಾರ್ಥನೆ, ಇಂತಿ ತಮ್ಮ ವಿಧೇಯ.’ ಜಾತಿ ಪ್ರಮಾಣಪತ್ರಕ್ಕೂ ಪ್ರಾರ್ಥನೆ, ಬೀದಿ ದೀಪಕ್ಕೂ ಪ್ರಾರ್ಥನೆ. ದೇವಸ್ಥಾನದಲ್ಲಿ ಮಾಡೋದನ್ನ ತಾಲ್ಲೂಕು ಕಚೇರಿಯಲ್ಲೂ ಮಾಡಿ ಅಂತ ಹತ್ತು ವರ್ಷದ ಮಗುವಿಗೆ ಕಲಿಸಿ, ಹದಿನೇಳನೇ ವರ್ಷಕ್ಕೆ ‘ಜನರೇ ಪರಮಾಧಿಕಾರಿಗಳು’ ಅಂತ ಬರೆಸಿದರೆ ಅದು ತಲೆಗೆ ಹೋಗುತ್ತಾ?

ಬದಲಿಗೆ ಹೀಗೆ ಮಾಡಿ. ಮಕ್ಕಳ ಮೊಬೈಲ್ ರೀಚಾರ್ಜ್ ತಗೊಳ್ಳಿ. 299 ರೂಪಾಯಿ. ಅದರಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆ. ಬೋರ್ಡಿನ ಮೇಲೆ ಲೆಕ್ಕ ಹಾಕಿಸಿ: 45 ರೂಪಾಯಿ 61 ಪೈಸೆ. ವೋಟು ಹಾಕೋಕೆ ಇನ್ನೂ ವಯಸ್ಸಾಗದ ಹುಡುಗಿ ತಿಂಗಳು ತಿಂಗಳು ಸರ್ಕಾರಕ್ಕೆ 45 ರೂಪಾಯಿ ಕಟ್ತಿದ್ದಾಳೆ. ನೀರುಗಂಟಿಗೆ ಸಂಬಳ ಯಾರು ಕೊಡ್ತಾರೆ ಅಂತ ಕೇಳಿದ ಹುಡುಗನಿಗೆ ಉತ್ತರ ಸಿಕ್ಕಿತಲ್ಲ, ಅವನೂ ಕೊಡ್ತಿದ್ದಾನೆ.

ಆಮೇಲೆ ಮನೆಯಿಂದ ಒಂದು ಸಕಾಲ ರಸೀದಿ ತರೋಕೆ ಹೇಳಿ. ಆದಾಯ ಪ್ರಮಾಣಪತ್ರದ್ದೋ ಜಾತಿ ಪ್ರಮಾಣಪತ್ರದ್ದೋ, ಪ್ರತಿ ಮನೆಯಲ್ಲೂ ಒಂದು ಇದ್ದೇ ಇರುತ್ತೆ. 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಾದ ಕಾನೂನು ಅದು, ಶುರುವಾದಾಗ 11 ಇಲಾಖೆಗಳ 151 ಸೇವೆ. ಇಂಥ ಕೆಲಸ ಇಷ್ಟು ದಿನದೊಳಗೆ ಅಂತ ಬರೆದುಕೊಟ್ಟಿದ್ದಾರೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಅರ್ಜಿದಾರನಿಗೆ ಕೊಡಬೇಕು, ತಡ ಮಾಡಿದ ಅಧಿಕಾರಿಯಿಂದ ಅದನ್ನ ವಸೂಲು ಮಾಡಬೇಕು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡೋರಿಗೆ ಗೊತ್ತು, ಗ್ರಾಹಕನಿಗೆ ಇದೇ ಥರ ಬರೆದುಕೊಡ್ತಾರೆ, ತಪ್ಪಿದರೆ ದಂಡ. ಹಾಬ್ಸ್‌ನಿಂದ ಶುರುವಾದ ಕಥೆ ಒಂದು ಚೀಟಿಯ ಮೇಲಿನ 15 ಅಂಕಿಯ ನಂಬರಾಗಿ ನಿಮ್ಮ ಮನೆಯ ಬೀರುವಿನಲ್ಲಿ ಕೂತಿದೆ. ಆ 20 ರೂಪಾಯಿ ಕೇಳಿ ಪಡೆದವರು ನಿಮ್ಮ ಪರಿಚಯದಲ್ಲಿ ಎಷ್ಟು ಜನ ಇದ್ದಾರೆ? ನನ್ನ ಪರಿಚಯದಲ್ಲಿ ಒಬ್ಬರೂ ಇಲ್ಲ. ಮೊತ್ತ ಚಿಕ್ಕದು ಅನ್ನೋದು ಒಂದು ಕಾರಣ ಇರಬಹುದು. ‘ವಿಧೇಯ’ ಅಂತ ಸಹಿ ಹಾಕಿದವನು ದಂಡ ಹೇಗೆ ಕೇಳ್ತಾನೆ ಅನ್ನೋದು ಇನ್ನೊಂದು.

ಅವತ್ತು ತರಗತಿ ಮುಗಿದ ಮೇಲೆ ಆ ಮೇಡಂ ಕಾರಿಡಾರಿನಲ್ಲಿ ಹೇಳಿದ ಮಾತು ನಿಮಗೂ ಹೇಳಬೇಕು. ‘ಹೀಗೆ ಪಾಠ ಮಾಡಿದ್ರೆ ಪೋರ್ಷನ್ ಮುಗಿಯಲ್ಲ ಸರ್. ಇನ್ನೊಂದು, ನಾಳೆ ಇವ್ರು ಲೈಬ್ರರಿ ಫೀಸು ತಗೊಂಡ್ರಲ್ಲ, ಪುಸ್ತಕ ಎಲ್ಲಿ ಅಂತ ಕೇಳ್ತಾರೆ. ಆಗ ಪ್ರಿನ್ಸಿಪಾಲರು ಕರೆಯೋದು ನನ್ನನ್ನ.’ ತಮಾಷೆಯಾಗಿ ಹೇಳಿದರು, ಆದರೆ ತಮಾಷೆ ಅಲ್ಲ. ಈ ಪಾಠವನ್ನ ಸರಿಯಾಗಿ ಮಾಡಿದರೆ ಅದು ಮೊದಲು ಮುಟ್ಟೋದು ವಿಧಾನಸೌಧವನ್ನಲ್ಲ, ಆ ಕಾಲೇಜಿನ ಆಫೀಸ್ ರೂಮನ್ನ. ಗುತ್ತಿಗೆ ಮೇಲೆ ಕೆಲಸ ಮಾಡೋ ಉಪನ್ಯಾಸಕಿಯಿಂದ ಆ ಧೈರ್ಯ ಕೇಳೋ ಹಕ್ಕು ಸ್ಟುಡಿಯೋದಲ್ಲಿ ಕೂತ ನನಗಿಲ್ಲ. ಆದರೆ ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಕೂತಿರೋ ಪೋಷಕರು, ಊರಿನ ಹಿರಿಯರು ಆ ಮೇಡಂ ಬೆನ್ನಿಗೆ ನಿಲ್ಲಬಹುದು. ಮಕ್ಕಳು ಲೆಕ್ಕ ಕೇಳಿದರೆ ಬೋರ್ಡಿಗೆ ಒಂದು ಚೀಟಿ ಅಂಟಿಸಿ ಹೇಳಿದರಾಯ್ತು, ಇಷ್ಟು ಬಂತು, ಇಷ್ಟು ಖರ್ಚಾಯ್ತು. ಇದರಲ್ಲಿ ಭೂಮಿ ಬಿರಿಯೋದು ಏನಿದೆ?

ನನಗೆ ಗೊತ್ತು, ಈ ಕಾರ್ಯಕ್ರಮ ಮುಗಿಯೋದರೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಬರುತ್ತೆ: ‘ಬರೀ ಹಕ್ಕು ಹಕ್ಕು ಅಂತೀರಿ, ಮೊದಲು ಮಕ್ಕಳಿಗೆ ಕರ್ತವ್ಯ ಕಲಿಸಿ.’ ಕಲಿಸೋಣ. ಒಪ್ಪಂದ ಅಂದ ಮೇಲೆ ಎರಡು ಕಡೆ ಇದ್ದೇ ಇದೆ. ಸಾಲಿನಲ್ಲಿ ನಿಲ್ಲೋದು, ಮೇಲಿನ ಬೀದಿಯವರು ಕದ್ದು ವಾಲ್ವ್ ತಿರುಗಿಸದೇ ಇರೋದು, ತೆರಿಗೆ ಕಟ್ಟೋದು, ಎಲ್ಲ ಅದರೊಳಗೇ ಬರುತ್ತೆ. 2002ರ 86ನೇ ತಿದ್ದುಪಡಿ ತೆಗೆದು ನೋಡಿ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡೋದು ಸರ್ಕಾರದ ಹೊಣೆ ಅಂತ 21ಎ ವಿಧಿ ಬಂತು. ಅದೇ ತಿದ್ದುಪಡಿಯಲ್ಲಿ, ಮಗುವಿಗೆ ಓದೋ ಅವಕಾಶ ಮಾಡಿಕೊಡೋದು ತಂದೆತಾಯಿಯ ಕರ್ತವ್ಯ ಅಂತ ಹನ್ನೊಂದನೇ ಮೂಲಭೂತ ಕರ್ತವ್ಯವೂ ಬಂತು. ಒಂದೇ ಕಾಗದ, ಎರಡು ಸಹಿ. ಆದರೆ ಒಂದು ಮಾತು. ಕರ್ತವ್ಯದ ಪಾಠವನ್ನ ನಾವು ಯಾರಿಗೆ ಹೆಚ್ಚು ಹೇಳ್ತೀವಿ? ನೀರು ಸಿಗದ ಕೇರಿಯವರಿಗೆ. ಅದನ್ನ ಮೇಲಿನ ಬೀದಿಯಿಂದ ಶುರು ಮಾಡಿದರೆ ನನ್ನ ತಕರಾರಿಲ್ಲ.

ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮ ಸಭೆ ಅಂತ ಒಂದು ನಡೆಯುತ್ತೆ, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ. ಮಕ್ಕಳು ಎದ್ದು ನಿಂತು ಕೇಳಬಹುದು: ಶಾಲೆಗೆ ಕಾಂಪೌಂಡ್ ಯಾಕಿಲ್ಲ, ಶೌಚಾಲಯಕ್ಕೆ ನೀರು ಯಾಕಿಲ್ಲ, ಬಸ್ಸು ಯಾಕೆ ನಿಲ್ಸಲ್ಲ. ಅಧ್ಯಕ್ಷರು, ಪಿಡಿಒ ಎದುರಿಗೆ ಕೂತು ಉತ್ತರ ಹೇಳಬೇಕು. ಕೆಲವು ಕಡೆ ಚೆನ್ನಾಗಿ ನಡೆಯುತ್ತೆ. ಕೆಲವು ಕಡೆ ಇಬ್ಬರು ಮಕ್ಕಳಿಗೆ ಮೊದಲೇ ಪ್ರಶ್ನೆ ಬರೆದುಕೊಟ್ಟು, ಸ್ವಾಗತ ಗೀತೆ ಹಾಡಿಸಿ, ಬಿಸ್ಕತ್ತು ಹಂಚಿ, ಫೋಟೋ ತೆಗೆದು ಮುಗಿಸ್ತಾರೆ. ನಿಮ್ಮ ಪಂಚಾಯ್ತಿಯಲ್ಲಿ ಈ ವರ್ಷ ಯಾವ ತಾರೀಕು ಅಂತ ಪಿಡಿಒ ಅವರಿಗೆ ಫೋನ್ ಮಾಡಿ ಕೇಳಿ. ಹೋದ ವರ್ಷ ಮಕ್ಕಳು ಕೇಳಿದ ಪ್ರಶ್ನೆಗಳ ನಡಾವಳಿ ಪುಸ್ತಕದಲ್ಲಿ ಏನು ಬರೆದಿದ್ದಾರೆ, ಅದರಲ್ಲಿ ಎಷ್ಟು ಆಗಿದೆ ಅಂತಾನೂ ಕೇಳಿ. ಸಭೆಯ ದಿನ ನೀವೂ ಹೋಗಿ ಹಿಂದೆ ಕೂತ್ಕೊಳ್ಳಿ, ಮಾತಾಡೋದು ಮಕ್ಕಳಿಗೆ ಬಿಡಿ. ಉತ್ತರ ಸಿಗಲಿಲ್ಲ ಅಂದರೆ ನಮ್ಮ ಜಿಲ್ಲಾ ವರದಿಗಾರರಿಗೆ ತಿಳಿಸಿ, ಕ್ಯಾಮೆರಾ ಕಳಿಸೋ ಕೆಲಸ ನಮ್ಮದು.

ಈಗ ಒಂದು ಸಣ್ಣ ವಿರಾಮ. ಆಮೇಲೆ ಜಿಲ್ಲಾ ಸುದ್ದಿಗಳು.